ಕುಮಟಾದಿಂದ ಭಟ್ಕಳ, ಒಂದೇ ಉಸಿರಿಗೆ

ಹೋದ ವಾರ ಕುಮಟಾದಿಂದ ಫೋನು ಬಂತು. ಸಿಸ್ಟರ್ ಹೋದರಂತೆ. ಸುದ್ದಿ ಹೇಳಿದವನು ನನ್ನ ಜೊತೆ ಬಹಳ ವರ್ಷ ಬಸ್ಸು ಓಡಿಸಿದ ಡ್ರೈವರ್. ಅವನು ಆ ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ನಾನು ಸುದ್ದಿಯನ್ನು ಬಿಟ್ಟು ಮೊದಲು ಅದನ್ನೇ ಎಣಿಸಿದೆ. "ನಿನಗೆ ದಮ್ಮು ಶುರುವಾಯ್ತನಾ?" ಅಂತ ಕೇಳಿಯೂಬಿಟ್ಟೆ. "ಥೋ, ಮೆಟ್ಟಿಲು ಹತ್ತಿ ಬಂದೆ ಮಾರಾಯ" ಅಂದ. ಸತ್ತವರ ಸುದ್ದಿ ಹೇಳುವವನ ಉಸಿರು ಎಣಿಸುವ ಈ ದರಿದ್ರ ಚಾಳಿ ನನಗೆ ಅಂಟಿದ್ದು ಸಿಸ್ಟರ್‌ರಿಂದಲೇ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಸತ್ತ ಮೇಲೂ ಸಿಟ್ಟು ಮಾಡಿಕೊಳ್ಳುವ ಪೈಕಿ ಅವರು. ಹಳಬರು ನರ್ಸಬಾಯಿ ಅನ್ನುತ್ತಿದ್ದರು, ನಾವೆಲ್ಲ ಸಿಸ್ಟರ್ ಅನ್ನುತ್ತಿದ್ದೆವು. ಹೊನ್ನಾವರದಲ್ಲಿ ಒಬ್ಬ ಡಾಕ್ಟರರ ಸಣ್ಣ ಆಸ್ಪತ್ರೆಯಲ್ಲಿ ಕೆಲಸ, ಕುಮಟಾದಲ್ಲಿ ಮನೆ. ಆ ಆಸ್ಪತ್ರೆ ಈಗಿಲ್ಲ. ಅವರು ದಿನಾ ಬೆಳಿಗ್ಗೆ ಎಂಟೂ ಕಾಲಿನ ನಮ್ಮ ಬಸ್ಸು ಹತ್ತುತ್ತಿದ್ದರು. ನಾನು ಆ ಬಸ್ಸಿನ ಕಂಡಕ್ಟರ್.

ಅದು ತೊಂಬತ್ತರ ದಶಕದ ಕೊನೆ. ಟೆಂಪೋದವರು ಸ್ಟ್ಯಾಂಡಿನ ಬಾಯಿಗೇ ಗಾಡಿ ತಂದಿಟ್ಟು, ಕೂಗಿ ಕೂಗಿ ಜನ ಹತ್ತಿಸಿಕೊಂಡು ಹೋಗುತ್ತಿದ್ದ ಕಾಲ. ಸರ್ಕಾರಿ ಬಸ್ಸಿನ ಕಂಡಕ್ಟರು ಕೂಗಬೇಕೆಂದು ಯಾವ ಕಾನೂನೂ ಇಲ್ಲ. ಆದರೆ ನನಗೆ ಹಟ. ಫುಟ್‌ಬೋರ್ಡಿನ ಮೇಲೆ ನಿಂತು, "ಹಂದಿಗೋಣ ಧಾರೇಶ್ವರ ಹಳದೀಪುರ ಕರ್ಕಿ ಹೊನ್ನಾವರ್-ಹೊನ್ನಾವರ್ ಕಾಸರಕೋಡ ಮಂಕಿ ಬೈಲೂರ ಬಸ್ತಿ ಶಿರಾಲಿ ಭಟ್ಕಳಾ" ಅಂತ ಎಲ್ಲೂ ಕಡಿಯದಂತೆ ಕೂಗುತ್ತಿದ್ದೆ. ಟೆಂಪೋದ ಹುಡುಗರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಇಷ್ಟುದ್ದ ಹೇಳಲು ಯಾರಿಗೂ ಒಂದು ಉಸಿರು ಸಾಲುವುದಿಲ್ಲ. ಅದರಲ್ಲಿ ಒಂದು ಕಳ್ಳತನವಿದೆ. ಹೊನ್ನಾವರವನ್ನು ಎರಡು ಸಲ ಹೇಳುತ್ತಿದ್ದೆನಲ್ಲ, ಎರಡನೆಯದನ್ನು ಉಸಿರು ಒಳಗೆಳೆದುಕೊಳ್ಳುತ್ತಲೇ ಹೇಳುತ್ತಿದ್ದೆ. ಕೇಳುವವರಿಗೆ ತಾಳ ಹಾಕಿದಂತೆ ಕೇಳುತ್ತಿತ್ತು. ಇದು ಯಾರೂ ಕಲಿಸಿದ್ದಲ್ಲ. ವರ್ಷಗಟ್ಟಲೆ ಕೂಗಿ ಗಂಟಲಿಗೆ ತಾನಾಗಿ ಬಂದದ್ದು.

ಸಿಸ್ಟರ್ ಬಾಗಿಲ ಹತ್ತಿರದ ಸೀಟಿನಲ್ಲೇ ಕೂರುತ್ತಿದ್ದರು. ಸಣ್ಣ ದೇಹ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಕೂದಲು, ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿಕೊಂಡಿರುತ್ತಿದ್ದರು. ಬಿಸಿಲಿರಲಿ ಮಳೆಯಿರಲಿ ಮಡಿಲಲ್ಲಿ ಕೊಡೆ. ಯಾರ ಮುಖವನ್ನೂ ಹೆಚ್ಚು ನೋಡುತ್ತಿರಲಿಲ್ಲ. ಕತ್ತು ನೋಡುತ್ತಿದ್ದರು. ಗಂಟಲ ಕೆಳಗಿನ ಕುಳಿ ಉಸಿರಿನ ಜೊತೆ ಒಳಗೆ ಹೋಗುತ್ತದೋ ಇಲ್ಲವೋ ಅಂತ ನೋಡುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಹೊಸದಾಗಿ ಹತ್ತಿದ ಹೆಂಗಸರು ಮುಜುಗರದಿಂದ ಸೆರಗು ಎಳೆದುಕೊಳ್ಳುತ್ತಿದ್ದರು.

ಕರ್ಕಿಯಲ್ಲಿ ಒಬ್ಬರು ನಿವೃತ್ತ ಮಾಸ್ತರು ಹತ್ತುತ್ತಿದ್ದರು. ಮಹಾ ಮಾತುಗಾರರು. ಯಕ್ಷಗಾನದ ಪ್ರಸಂಗ ಎತ್ತಿಕೊಂಡರೆ ಮಂಕಿ ದಾಟಿದರೂ ಬಿಡುತ್ತಿರಲಿಲ್ಲ. ಒಂದು ದಿನ ಅವರು ಮಾತಿನ ಭರದಲ್ಲಿರುವಾಗ ಸಿಸ್ಟರ್ ಹಿಂತಿರುಗಿ, "ಮಾಸ್ತರೆ, ನಿಮ್ಮ ಮಾತು ಹೋದ ವಾರಕ್ಕಿಂತ ಗಿಡ್ಡ ಆಗ್ಯದೆ. ಹೊನ್ನಾವರದಲ್ಲಿ ನನ್ ಜೊತಿಗೆ ಇಳೀರಿ" ಅಂದರು. ಮಾಸ್ತರು ನಕ್ಕುಬಿಟ್ಟರು. "ಅಡ್ಡಿಲ್ಲ ಸಿಸ್ಟ್ರೆ, ನನ್ ಮಾತು ಗಿಡ್ಡ ಆದ್ರೆ ಊರಿಗೇ ಒಳ್ಳೇದಲ್ದಾ" ಅಂದರು. ಬಸ್ಸೆಲ್ಲ ನಕ್ಕಿತು. ಸಿಸ್ಟರ್ ನಗಲಿಲ್ಲ. ಇಳಿಯುವಾಗ ಇನ್ನೊಂದು ಸಲ ಹೇಳಿದರು. ಮಾಸ್ತರು ಇಳಿಯಲಿಲ್ಲ. ನಾಲ್ಕನೇ ದಿನ ಕರ್ಕಿ ಸ್ಟಾಪಿನಲ್ಲಿ ಅವರು ಇರಲಿಲ್ಲ, ಐದನೇ ದಿನ ಅವರ ಸಾವಿನ ಸುದ್ದಿ ಹತ್ತಿತು.

ಅಲ್ಲಿಂದ ಜನ ಅವರಿಗೆ ಹೆದರತೊಡಗಿದರು. ಅವರು ಬಸ್ಸು ಹತ್ತಿದ ಕೂಡಲೇ ಮಾತು ತಗ್ಗುತ್ತಿತ್ತು. ಕೆಮ್ಮು ಬಂದವರು ಕೆಮ್ಮನ್ನು ನುಂಗುತ್ತಿದ್ದರು. "ಅವ್ರು ತಿರುಗಿ ನೋಡಿದ್ರೆ ಮುಗಿತು ನೋಡು" ಅಂತ ಹಿಂದಿನ ಸೀಟಿನಲ್ಲಿ ಪಿಸುಗುಡುವುದು ನನ್ನ ಕಿವಿಗೂ ಬೀಳುತ್ತಿತ್ತು. ಅವರ ಕಿವಿಗೆ ಬೀಳದೆ ಇರುತ್ತದೆಯೆ? ಆ ಕಿವಿ ಎಂಥದು ಅಂತ ಗೊತ್ತಿದ್ದೂ ಜನ ಪಿಸುಗುಡುತ್ತಿದ್ದರು. ಅವರು ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದರು.

ಒಂದು ಬೆಳಿಗ್ಗೆ ನನ್ನನ್ನು ಕರೆದು, "ಕಂಡಕ್ಟ್ರೆ, ನಿಮ್ಮ ಕೂಗಿಂದ ನಂಗೊಂದು ಉಪಯೋಗ ಆತು" ಅಂದರು.

"ಎಂತ ಉಪಯೋಗ ಸಿಸ್ಟ್ರೆ? ನಿದ್ದೆ ಬಿಟ್ಟು ಹೋತು ಕಾಣ್ತದೆ."

"ಪೇಶಂಟ್‌ಗೆ ಊರ ಹೆಸ್ರು ಹೇಳೂಕೆ ಹಚ್ತೆ. ಎಲ್ಲಿ ಉಸ್ರು ಕಡೀತದೆ ನೋಡ್ತೆ."

ಅದು ಹೀಗೆ. ಉಬ್ಬಸ ಜೋರಾಗಿ ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಕುಮಟಾದಿಂದ ಭಟ್ಕಳದವರೆಗೆ ಒಂದೇ ಉಸಿರಿಗೆ ಹೇಳು ಅನ್ನುತ್ತಿದ್ದರು. ಈ ಹೆಸರುಗಳು ಗೊತ್ತಿಲ್ಲದವರು ನಮ್ಮ ಕಡೆ ಯಾರಿದ್ದಾರೆ? ಕೊಂಕಣಿಯವರಿಗೂ ಗೊತ್ತು, ಭಟ್ಕಳದ ನವಾಯತಿ ಮಾತಾಡುವವರಿಗೂ ಗೊತ್ತು, ಶಾಲೆಗೆ ಹೋಗದ ಮುದುಕಿಗೂ ಗೊತ್ತು. ಭಟ್ಕಳ ಮುಟ್ಟಿದವರಿಗೆ ಗುಳಿಗೆ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಹೊನ್ನಾವರದಲ್ಲಿ ನಿಂತವರಿಗೆ ಇಂಜೆಕ್ಷನ್, ಸಂಜೆತನಕ ಬೆಂಚು. ಧಾರೇಶ್ವರ ದಾಟದವರಿಗೆ ಆಕ್ಸಿಜನ್ ಹಚ್ಚಿ, ಡಾಕ್ಟರನ್ನು ಎಬ್ಬಿಸಿ, ಕುಮಟಾದ ದೊಡ್ಡ ಆಸ್ಪತ್ರೆಗೆ ಕಾರು ಹೇಳುತ್ತಿದ್ದರು. ಕುಮಟಾ ಅಂದು ಅಲ್ಲೇ ನಿಂತುಬಿಟ್ಟರೆ, ಒಂದೊಂದೇ ಶಬ್ದಕ್ಕೆ ಬಾಯಿ ತೆರೆಯುತ್ತಿದ್ದರೆ, ಸಿಸ್ಟರ್ ಮಾತೇ ಆಡುತ್ತಿರಲಿಲ್ಲ, ಓಡುತ್ತಿದ್ದರು. ಇದೊಂದನ್ನೇ ನೋಡುತ್ತಿದ್ದರು ಅಂತಲ್ಲ. ನಾಡಿ ಹಿಡಿಯುತ್ತಿದ್ದರು, ಅರ್ಧ ನಿಮಿಷ ಉಸಿರು ಎಣಿಸುತ್ತಿದ್ದರು, ಉಗುರು ನೋಡುತ್ತಿದ್ದರು. ಮಲಗಲು ಆಗುತ್ತದೋ, ಮೊಣಕಾಲಿಗೆ ಕೈಕೊಟ್ಟು ಮುಂದೆ ಬಾಗಿಯೇ ಕೂತಿದ್ದಾರೋ ಅಂತ ಬಾಗಿಲಲ್ಲೇ ನಿಂತು ನೋಡಿಕೊಳ್ಳುತ್ತಿದ್ದರು. ಆದರೆ ಡಾಕ್ಟರು ಊಟಕ್ಕೆ ಹೋದಾಗ, ಒಟ್ಟಿಗೆ ಏಳೆಂಟು ಜನ ಬಂದಾಗ, ಯಾರನ್ನು ಮೊದಲು ಹಿಡಿಯಬೇಕು ಅನ್ನಲು ಊರ ಪಟ್ಟಿಯೇ ಆಧಾರ.

ಪಟ್ಟಿ ಬಹಳ ಬೇಗ ಪ್ರಸಿದ್ಧವಾಯಿತು. "ನಮ್ಮ ಮಾವ ನಿನ್ನೆ ಹಳದೀಪುರಕ್ಕೇ ಇಳಿದ್ರು" ಅಂತ ಜನ ಬಸ್ಸಿನಲ್ಲಿ ಹೇಳಿಕೊಳ್ಳುವಷ್ಟು. ನನಗೆ ಒಳಗೊಳಗೇ ಹೆಮ್ಮೆ. ನನ್ನ ಕೂಗು ಆಸ್ಪತ್ರೆಗೂ ಹೋಯಿತಲ್ಲ ಅಂತ. ಸಿಸ್ಟರ್ ಆ ದಿನಗಳಲ್ಲಿ ಹೇಳಿದ ಇನ್ನೊಂದು ಮಾತನ್ನು ಮಾತ್ರ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕಾಸರಕೋಡಿನ ಯಾರೋ ಒಬ್ಬರು ಪಕ್ಕದಲ್ಲಿ ಕೂತು, ತಮ್ಮ ಮಗಳ ಎದೆ ಸೀಟಿ ಹೊಡೆದಂತೆ ಕೂಗುತ್ತದೆ, ಹೆದರಿಕೆಯಾಗುತ್ತದೆ ಅಂತ ಹೇಳುತ್ತಿದ್ದರು. "ಸೀಟಿ ಕೇಳ್ತಾ ಇದ್ರೆ ಗಾಳಿ ಓಡಾಡ್ತಾ ಅದೆ ಅಂತ" ಅಂದರು ಸಿಸ್ಟರ್. "ಮನುಷ್ಯ ಸುಸ್ತಾಗಿ, ಸೀಟಿನೂ ನಿಂತು ಹೋತು ಅಂದ್ರೆ ಆಗ ಹೆದ್ರಬೇಕು." ನಾನು ಅವರ ಪಕ್ಕದಲ್ಲೇ ನಿಂತು ಟಿಕೆಟು ಹರಿಯುತ್ತಿದ್ದೆ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಸಿಸ್ಟರ್ ಬಗ್ಗೆ ಬರೆಯುವುದೆಂದರೆ ನನಗೆ ಅಕ್ಕನ ಬಗ್ಗೆ ಬರೆಯುವುದೇ.

ನಮ್ಮದು ಶಿರಾಲಿ ಬದಿಯ ಅಳ್ವೆಕೋಡಿ, ಸಮುದ್ರದ ದಂಡೆ. ಅಮ್ಮ ಬೇಗ ಹೋದಳು. ನನ್ನನ್ನು ಎತ್ತಿ ಬೆಳೆಸಿದ್ದು ಅಕ್ಕ. ನನಗೆ ಕಂಡಕ್ಟರ್ ಕೆಲಸ ಸಿಕ್ಕಿದ ದಿನ ನನ್ನ ಖಾಕಿ ಅಂಗಿಗೆ ಕುಂಕುಮ ಹಚ್ಚಿದವಳು ಅವಳು. ಒಣಮೀನಿನ ವ್ಯಾಪಾರ. ದಂಡೆಯ ಮೇಲೆ ಮೀನು ಹರವಿ ಒಣಗಿಸುವುದು, ಗೋಣಿ ತುಂಬುವುದು, ಹೊನ್ನಾವರದ ಸಂತೆಗೆ ಹೊರುವುದು. ಆ ಧೂಳೇ ಅವಳ ಎದೆಗೆ ಆಗಿಬರುತ್ತಿರಲಿಲ್ಲ. ನಲವತ್ತರ ಮೇಲೆ ದಮ್ಮು ಹಿಡಿಯಿತು. ಭಟ್ಕಳ ಹತ್ತಿರವಿದ್ದರೂ ದಮ್ಮಿಗೆ ಹೊನ್ನಾವರದ ಸಿಸ್ಟರೇ ಅಂತ ಆಗಿಹೋಗಿತ್ತು. ತಮ್ಮನ ಬಸ್ಸೂ ಇತ್ತಲ್ಲ.

ಅಕ್ಕನಿಗೆ ಸೂಜಿಯ ಹೆದರಿಕೆಯಿರಲಿಲ್ಲ. ಅವಳ ಹೆದರಿಕೆ ಒಂದೇ, ಆಕ್ಸಿಜನ್ನಿನ ಮುಖವಾಡ. ಅವಳು ಅದನ್ನು ಬಟ್ಟಲು ಅನ್ನುತ್ತಿದ್ದಳು. ಭಾವನನ್ನು ಜ್ವರ ಬಂದು ಕುಮಟಾಕ್ಕೆ ಒಯ್ದಾಗ ಮೂಗಿಗೆ ಬಟ್ಟಲು ಹಾಕಿದ್ದರು. ಮರುದಿನ ಬಟ್ಟಲು ತೆಗೆದದ್ದು ಹೆಣದಿಂದ. "ಬಟ್ಲು ಹಾಕಿದವ್ರು ಮನೆಗೆ ಬರೂದಿಲ್ಲ ತಮಾ" ಅನ್ನುತ್ತಿದ್ದಳು. ನಮ್ಮ ಕೇರಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ಸಾಯುವ ಹೊತ್ತಿಗೆ ಮಾತ್ರ ಆಸ್ಪತ್ರೆಗೆ ಹೋಗುವವರಿಗೆ ಹಾಗನ್ನಿಸಿದರೆ ಅವರ ತಪ್ಪೇನು?

ಎರಡು ಸಲ ಅಕ್ಕ ಹೊನ್ನಾವರದಲ್ಲಿ ಉಸಿರು ಕಡಿದು ಇಂಜೆಕ್ಷನ್ ತೆಗೆದುಕೊಂಡು ಬಂದಿದ್ದಳು. ಎರಡನೆಯ ಸಲ ಸಿಸ್ಟರ್, "ಮುಂದಿನ ಸರ್ತಿ ಧಾರೇಶ್ವರಕ್ಕೆ ನಿಂತ್ರೆ ಆಕ್ಸಿಜನ್ನು, ಮತ್ತೆ ಕುಮಟಾ. ತಕರಾರು ಮಾಡೂಕಿಲ್ಲ" ಅಂದಿದ್ದರಂತೆ. ಆ ಸಂಜೆ ಅಕ್ಕ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡಳು.

"ತಮಾ, ನೀ ಹೆಂಗೆ ಅಷ್ಟುದ್ದ ಕೂಗ್ತೆ? ನಂಗೂ ಹೇಳ್ಕೊಡು."

"ಎಂತಕ್ಕೆ? ನೀ ಕಂಡಕ್ಟರ್ ಆಗ್ತ್ಯನೇ?"

"ಕುಮಟಾಕ್ಕೆ ಹೋಗೂದಿಲ್ಲ ನಾ. ಹೇಳ್ಕೊಡು ಮಾರಾಯ."

ನಾನು ನಕ್ಕೆ. ಕಲಿಸಿದೆ. ದೇವರಾಣೆಗೂ ಅದು ಆಟದ ಹಾಗೆಯೇ ಇತ್ತು. "ಹೊನ್ನಾವರ ಎರಡು ಸರ್ತಿ ಅನ್ನು. ಎರಡ್ನೇದು ಹೇಳುವಾಗ ಉಸ್ರು ಒಳಗೆ ತಕೋ. ಸದ್ದು ಮಾಡಬೇಡ. ಸಾಲದಿದ್ರೆ ಮಂಕಿ ಹತ್ರ ಇನ್ನೊಂದು ಸಣ್ಣದು ಕದಿ." ವಾರಗಟ್ಟಲೆ ಮೀನು ಹರವುತ್ತ ಅಭ್ಯಾಸ ಮಾಡಿದಳು. ಅಕ್ಕಪಕ್ಕದ ಹೆಂಗಸರೂ ಕಲಿತರು, ಮಕ್ಕಳೂ ಕಲಿತರು. ದಂಡೆಯ ಮೇಲೆ ನಡೆದು ಹೋದರೆ ಒಂದು ಕಡೆಯಿಂದ ಧಾರೇಶ್ವರ, ಇನ್ನೊಂದು ಕಡೆಯಿಂದ ಬೈಲೂರು ಕೇಳುತ್ತಿತ್ತು. ಶಾಲೆಯ ಪರೀಕ್ಷೆಗೆ ಮಗ್ಗಿ ಉರು ಹೊಡೆಸಿದಂತೆ ನಾನು ನಡುವೆ ನಿಂತು ತಿದ್ದುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಳೆಗಾಲಕ್ಕೆ ಮುಂಚಿನ ದಿನಗಳು. ಮೋಡ ಕಟ್ಟಿ, ಗಾಳಿಯಿಲ್ಲದೆ, ಇಡೀ ದಂಡೆ ಬೆವರುತ್ತಿತ್ತು. ಮಳೆ ಬೀಳುವುದರೊಳಗೆ ಒಣಮೀನು ಒಳಗಿಡಬೇಕೆಂದು ಅಕ್ಕ ಮೂರು ದಿನ ಧೂಳಿನಲ್ಲೇ ಇದ್ದಳು. ನಾಲ್ಕನೇ ದಿನ ನಮ್ಮ ಎರಡನೇ ಟ್ರಿಪ್ಪು ಶಿರಾಲಿಗೆ ಬಂದಾಗ, ಹತ್ತೂವರೆಯ ಹೊತ್ತು, ಪಕ್ಕದ ಮನೆಯವಳು ಅವಳನ್ನು ಹಿಡಿದುಕೊಂಡು ಸ್ಟಾಪಿನಲ್ಲಿ ನಿಂತಿದ್ದಳು. ಅಕ್ಕನ ಎದೆಯ ಸದ್ದು ಇಂಜಿನ್ನಿನ ಸದ್ದಿನ ಮೇಲೆ ಕೇಳುತ್ತಿತ್ತು. ಡ್ರೈವರ್ ಒಂದು ಮಾತೂ ಕೇಳದೆ ಕಾಸರಕೋಡಿನವರೆಗೆ ಎಲ್ಲೂ ಹೆಚ್ಚು ನಿಲ್ಲಿಸದೆ ಹೊಡೆದ. ಹೊನ್ನಾವರದಲ್ಲಿ ನಾನೇ ಅವಳನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ಸಿಸ್ಟರ್‌ಗೆ ಒಪ್ಪಿಸಿ ಓಡಿ ಬಂದೆ. ಬಸ್ಸು ಕುಮಟಾಕ್ಕೆ ಹೋಗಬೇಕಿತ್ತು.

ಒಳಗೆ ಏನು ನಡೆಯಿತು ಅಂತ ಆಮೇಲೆ ಗೊತ್ತಾಯಿತು. ಡಾಕ್ಟರು ಯಾವುದೋ ಹೆರಿಗೆಗೆ ಹೋಗಿದ್ದರು. ಬೆಂಚು ತುಂಬ ಜನ. ಸಿಸ್ಟರ್ ಪಟ್ಟಿ ಹೇಳಿಸಿದರು. ಅಕ್ಕ ಭಟ್ಕಳ ಮುಟ್ಟಿದಳು. ಸಿಸ್ಟರ್‌ಗೆ ಅನುಮಾನ ಬಂದಿತ್ತು. ನಾಡಿ ಓಡುತ್ತಿತ್ತು, ಹೆಗಲು ಮೇಲೆ ಮೇಲೆ ಏರುತ್ತಿತ್ತು. ಆದರೂ ಗುಳಿಗೆಯಲ್ಲಿ ಮುಗಿಸಬೇಕಾದವಳಿಗೆ ಇಂಜೆಕ್ಷನ್ ಕೊಟ್ಟು, "ಡಾಕ್ಟ್ರು ಬರೂವರಿಗೆ ಏಳಬೇಡ" ಅಂದು, ಹಂದಿಗೋಣದಲ್ಲೇ ನಿಂತ ಒಬ್ಬ ಮುದುಕನಿಗೆ ಆಕ್ಸಿಜನ್ ಹಚ್ಚಲು ಒಳಗೆ ಹೋದರು. ಇದ್ದದ್ದು ಒಂದೇ ಸಿಲಿಂಡರ್. ಪಟ್ಟಿಯ ಪ್ರಕಾರ ಅದು ಮುದುಕನಿಗೇ ಹೋಗಬೇಕಿತ್ತು. ಅವರು ಹೊರಗೆ ಬರುವಷ್ಟರಲ್ಲಿ ಅಕ್ಕ, ತಮ್ಮನ ಬಸ್ಸಿನ ಹೊತ್ತಾಯಿತು ಅಂತ ಬೆಂಚಿನಿಂದ ಎದ್ದು ಹೋಗಿದ್ದಳು.

ಒಂದೂ ಕಾಲಿಗೆ ನಮ್ಮ ಬಸ್ಸು ಕುಮಟಾದಿಂದ ವಾಪಸು ಹೊನ್ನಾವರಕ್ಕೆ ಬಂತು. ನಾನು ಎಂದಿನಂತೆ ಕೂಗುತ್ತಲೇ ಸ್ಟ್ಯಾಂಡಿಗೆ ಇಳಿದೆ. ನೋಡಿದರೆ ಅಕ್ಕ ಕಟ್ಟೆಯ ಮೇಲೆ ಕೂತಿದ್ದಾಳೆ.

"ಬಿಟ್ರನೇ?"

ತಲೆಯಾಡಿಸಿದಳು. ಆಮೇಲೆ ನಗುವಂತೆ ಮಾಡಿ, "ಭಟ್ಕಳ... ಮುಟ್ಟಿದೆ... ತಮಾ" ಅಂದಳು.

ನಾನು ಅವಳ ಎದೆಯ ಹತ್ತಿರ ಕಿವಿ ಕೊಟ್ಟೆ. ಸದ್ದಿಲ್ಲ. ಬೆಳಿಗ್ಗೆ ಇಡೀ ಬಸ್ಸಿಗೆ ಕೇಳುತ್ತಿದ್ದ ಸೀಟಿ ಪೂರಾ ನಿಂತಿತ್ತು. ಅಯ್ಯೋ, ನನಗಾದ ಖುಷಿ ಹೇಳಲಾರೆ! "ನೋಡು, ಸದ್ದು ನಿಂತು ಹೋತು. ಆರಾಮ ಆತು ನಿಂಗೆ" ಅಂದೆ. ಕೈಹಿಡಿದು ಹತ್ತಿಸಿ ಬಾಗಿಲ ಹತ್ತಿರದ ಸೀಟಿನಲ್ಲಿ, ಬೆಳಿಗ್ಗೆ ಸಿಸ್ಟರ್ ಕೂರುವ ಸೀಟಿನಲ್ಲಿ, ಕೂರಿಸಿದೆ. ಕೈ ತಣ್ಣಗೆ ಒದ್ದೆಯಾಗಿತ್ತು. ಸೆಕೆ ಅಂದುಕೊಂಡೆ.

ಶರಾವತಿಯ ಸೇತುವೆಯ ಮೇಲೆ ಬಸ್ಸು ಹೋಗುವಾಗ ಅವಳು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿ ಕೂತಿದ್ದಳು. ನಾನು ಕಾಸರಕೋಡ ಅಂತ ಕೂಗಿದೆ. ಜನ ಇಳಿದರು, ಹತ್ತಿದರು. "ಆರಾಮನೇ?" ಅಂದೆ. ತಲೆಯಾಡಿಸಿದಳು. ಮಂಕಿಯಲ್ಲಿ ಇನ್ನೊಂದು ಸಲ ಕೇಳಿದೆ. ಒಂದು ಕೈ ಎತ್ತಿದಳು, ಮಾತಾಡಲಿಲ್ಲ. ಆ ಹೊತ್ತಿಗೆ ಬಸ್ಸಿನಲ್ಲಿ ಕಾಲೇಜಿನ ಮಕ್ಕಳು ತುಂಬಿದ್ದರು. ನಾನು ಹಿಂದಿನ ಬಾಗಿಲವರೆಗೆ ನುಗ್ಗಿ ಟಿಕೆಟು ಕೊಡುತ್ತಿದ್ದೆ. ಬೈಲೂರು ಕೂಗಿದೆ. ಬಸ್ತಿ ಕೂಗಿದೆ. ಬಸ್ತಿಯಲ್ಲಿ ಮಕ್ಕಳು ಗದ್ದಲ ಮಾಡುತ್ತ ಇಳಿದ ಮೇಲೆ ಜನರ ನಡುವಿನಿಂದ ಅವಳ ಬೆನ್ನು ಕಂಡಿತು. ಹಾಗೇ ಬಾಗಿಕೊಂಡಿತ್ತು. ನಿದ್ದೆ ಹತ್ತಿರಬೇಕು, ಮೂರು ದಿನದ ಆಯಾಸ, ಶಿರಾಲಿ ಬಂದಾಗ ಎಬ್ಬಿಸಿದರಾಯಿತು ಅಂದುಕೊಂಡೆ.

ಶಿರಾಲಿ ಬಂತು. "ಶಿರಾಲಿ, ಶಿರಾಲಿ" ಅಂತ ಅವಳ ಪಕ್ಕದಲ್ಲೇ ನಿಂತು ಕೂಗಿದೆ. ಏಳಲಿಲ್ಲ. ಡ್ರೈವರ್ ಹಿಂದೆ ತಿರುಗಿ ನೋಡಿ, ಯಾರೂ ಹೇಳದೆ ಇಂಜಿನ್ ಬಂದ್ ಮಾಡಿದ. ಅವಳ ಬೆರಳುಗಳನ್ನು ಕಂಬಿಯಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಉಗುರು ನೀಲಿಯಾಗಿತ್ತು.

ಊರಲ್ಲಿ ಮಾತು ಹುಟ್ಟಲು ಎಷ್ಟು ಹೊತ್ತು? ನರ್ಸಬಾಯಿ ಸರಿಯಾಗಿ ನೋಡದೆ ಕಳಿಸಿದಳು ಅಂದರು. ಅವಳ ದೃಷ್ಟಿಯೇ ಕೆಟ್ಟದ್ದು, ಅವಳ ಸೀಟಿನಲ್ಲಿ ಕೂತದ್ದಕ್ಕೇ ಹೀಗಾಯಿತು ಅಂತಲೂ ಅಂದರು. ನಮ್ಮ ಕೇರಿಯ ನಾಲ್ಕು ಜನ ಹೊನ್ನಾವರಕ್ಕೆ ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬೈದು ಬಂದರು. ನಾನು ಹೋಗಲಿಲ್ಲ. ಹೋಗಬೇಡಿ ಅಂತಲೂ ಹೇಳಲಿಲ್ಲ. ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಬಿದ್ದುಕೊಂಡಿದ್ದೆ.

ಐದನೇ ದಿನ ಮಧ್ಯಾಹ್ನ ಸಿಸ್ಟರ್ ನಮ್ಮ ಮನೆಗೆ ಬಂದರು. ಶಿರಾಲಿಯಲ್ಲಿ ಇಳಿದು, ಉರಿ ಬಿಸಿಲಲ್ಲಿ ಕೊಡೆ ಹಿಡಿದು ನಡೆದೇ ಬಂದಿದ್ದರು. ಕೇರಿಯ ಹೆಂಗಸರು ಬಾಗಿಲು ಹಾಕಿಕೊಂಡರು. ಅವರು ಜಗಲಿಯಲ್ಲಿ ಕೂತರು. ನಾನು ನೀರು ಕೊಟ್ಟೆ, ಕುಡಿದರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಅವರು ಯಾರಿಗೂ "ಎಂತ ಆಗೂದಿಲ್ಲ, ಹೆದರಬೇಡ" ಅಂತ ಹೇಳಿದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ.

"ನಿಮ್ಮ ಅಕ್ಕ ಹೊನ್ನಾವರ ಎರಡು ಸರ್ತಿ ಅಂದ್ಲು" ಅಂದರು. "ಹೊನ್ನಾವರ್-ಹೊನ್ನಾವರ್ ಅಂದ್ಲು. ಅವ್ಳಿಗೆ ಯಾರು ಕಲ್ಸಿದ್ದು?"

ಅವರು ದಿನಾ ಬೆಳಿಗ್ಗೆ ನನ್ನ ಬಾಯಿಂದ ಅದನ್ನೇ ಕೇಳುತ್ತಿದ್ದವರು. ಆ ಪಟ್ಟಿಯನ್ನು ನನ್ನಿಂದಲೇ ಎತ್ತಿಕೊಂಡವರು. ಅವರಿಗೆ ಗೊತ್ತಿರಲಿಲ್ಲವೆ?

"ನಂಗೆಂತ ಗೊತ್ತು ಸಿಸ್ಟ್ರೆ" ಅಂದೆ. "ಬಸ್ಸಲ್ಲಿ ಕೇಳಿ ಕೇಳಿ ಬಂದಿರಬೇಕು."

ಅವರು ನನ್ನ ಕತ್ತನ್ನೇ ನೋಡುತ್ತಿದ್ದರು. "ಆತು" ಅಂದು ಎದ್ದರು. ಅಂಗಳದಲ್ಲಿ ನಿಂತು, "ಆ ಸಿಲಿಂಡರ್ ನಾನು ಮುದುಕಂಗೆ ಕೊಟ್ಟೆ. ಅಂವ ಬದಕಿದ" ಅಂದರು. ಕೊಡೆ ಬಿಡಿಸಿಕೊಂಡು ಹೋದರು.

ಅಲ್ಲಿಂದ ಅವರು ಪಟ್ಟಿಯನ್ನು ಬಿಟ್ಟರು. ಅದರ ಬದಲು ಬಂದವರಿಗೆಲ್ಲ ಬೇರೆ ಬೇರೆ ಪ್ರಶ್ನೆ. ನಿನ್ನೆ ಎಂತ ಸಾರು? ನಿಮ್ಮ ಮನೆ ಬಾವಿ ಯಾವ ದಿಕ್ಕಿಗದೆ? ಮಗಳನ್ನ ಯಾವೂರಿಗೆ ಕೊಟ್ಟದ್ದು, ಆ ಊರಿಗೆ ಹೆಂಗೆ ಹೋಗೂದು? ಒಬ್ಬರಿಗೆ ಕೇಳಿದ್ದನ್ನು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಯಾರೂ ಮನೆಯಲ್ಲಿ ಕಲಿತು ಬರಲಾಗದ ಪ್ರಶ್ನೆಗಳು. ಉತ್ತರ ಅವರಿಗೆ ಬೇಕಿರಲಿಲ್ಲ, ಎಷ್ಟು ಶಬ್ದಕ್ಕೆ ನಿಂತರು ಅನ್ನುವುದಷ್ಟೇ ಬೇಕಿತ್ತು. ಕುಮಟಾ ಕಡೆಯ ಒಬ್ಬ ಬೋಟಿನವ ಸಂಜೆ ಆಸ್ಪತ್ರೆಯಿಂದ ಬಂದು, "ಎಂತದ್ರಾ ಈ ನರ್ಸಬಾಯಿ, ಮದ್ದು ಕೇಳೂಕೆ ಹೋದ್ರೆ ನೆಂಟಸ್ತಿಕೆ ಕೇಳ್ತದೆ" ಅಂತ ಬಸ್ಸಿನಲ್ಲಿ ಗೊಣಗುತ್ತಿದ್ದ. ಸಿಸ್ಟರ್ ಎರಡು ಸೀಟು ಮುಂದೆಯೇ ಕೂತಿದ್ದರು.

ನಾನೂ ಕೂಗುವುದನ್ನು ಬಿಟ್ಟೆ. ಸ್ಟಾಪು ಬಂದರೆ ಸೀಟಿ ಊದುತ್ತಿದ್ದೆ, ಅಷ್ಟೆ. ಟೆಂಪೋದವರು, "ಎಂತ ಕಂಡಕ್ಟ್ರೆ, ಗಂಟ್ಲು ಸರ್ಕಾರಕ್ಕೆ ಜಮಾ ಮಾಡಿದ್ರಾ?" ಅಂತ ತಮಾಷೆ ಮಾಡಿದರು. ಸಿಸ್ಟರ್ ಯಾಕೆ ಅಂತ ಕೇಳಲಿಲ್ಲ. ದಿನಾ ಎಂಟೂ ಕಾಲಿಗೆ ಹತ್ತುತ್ತಿದ್ದರು, ಪಾಸು ತೋರಿಸುತ್ತಿದ್ದರು, ಅದೇ ಸೀಟಿನಲ್ಲಿ ಕೂರುತ್ತಿದ್ದರು. ಆ ಸೀಟಿನ ಮುಂದಿನ ಕಂಬಿಯನ್ನು ಅವರು ಎಂದೂ ಮುಟ್ಟುತ್ತಿರಲಿಲ್ಲ. ಹೀಗೆ ಆರೇಳು ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡಿದೆವು. ಕೆಲವು ಬೆಳಿಗ್ಗೆ ಅವರು ನನ್ನತ್ತ ತಿರುಗಿದಂತಾಗುತ್ತಿತ್ತು. ನಾನು ಹಿಂದಿನ ಸೀಟುಗಳ ಕಡೆಗೆ ಸರಿದುಬಿಡುತ್ತಿದ್ದೆ.

ಅವರು ನೋಡುತ್ತಿದ್ದದ್ದು ನನ್ನ ಕತ್ತನ್ನು ಅಂತ ಆಮೇಲೆ ತಿಳಿಯಿತು. ದಮ್ಮು ನಮ್ಮ ರಕ್ತದಲ್ಲೇ ಇತ್ತು. ಅಕ್ಕ ಹೋಗಿ ನಾಲ್ಕೈದು ವರ್ಷಕ್ಕೆ ನನಗೂ ಹತ್ತಿತು. ಮೊದಲ ವರ್ಷ ಬರೀ ಕೆಮ್ಮು. ಎರಡನೇ ವರ್ಷ ಮೆಟ್ಟಿಲಲ್ಲಿ ಏದುಸಿರು. ಒಂದು ದಿನ ಇಳಿಯುವಾಗ ಅವರು, "ಕಂಡಕ್ಟ್ರೆ, ಬಂದು ತೋರ್ಸಿ ಹೋಗಿ" ಅಂದರು. ಮಾಸ್ತರ ನೆನಪಾಯಿತು. ಆದರೂ ಹೋಗಲಿಲ್ಲ. ಅವರೆದುರು ಕೂತು ಬಾಯಿ ತೆರೆಯುವ ಧೈರ್ಯ ಇರಲಿಲ್ಲ.

ಆ ವರ್ಷವೂ ಮಳೆಗೆ ಮುಂಚಿನ ಅದೇ ಮೋಡ, ಅದೇ ಸೆಕೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಂಕಿ ಬಿಟ್ಟ ಮೇಲೆ ನನಗೆ ಗಾಳಿ ಸಾಲದಾಯಿತು. ಕಾಸರಕೋಡಿನಲ್ಲಿ ಸೀಟಿ ಊದಲು ಹೋದರೆ ಸೀಟಿಯಿಂದ ಸದ್ದೇ ಬರಲಿಲ್ಲ. ಡ್ರೈವರ್ ಹೊನ್ನಾವರದಲ್ಲಿ ಬಸ್ಸು ನಿಲ್ಲಿಸಿ, ಜನರನ್ನು ಬಿಟ್ಟು, ನನ್ನನ್ನು ಎತ್ತಿಕೊಂಡೇ ಆಸ್ಪತ್ರೆಗೆ ಹೋದ. ಅದೇ ಬೆಂಚು. ನಾನು ಮೊಣಕಾಲಿಗೆ ಕೈಕೊಟ್ಟು ಬಾಗಿ ಕೂತೆ. ಅಕ್ಕ ಕೂತ ಹಾಗೇ ಕೂತಿದ್ದೇನೆ ಅಂತ ಗೊತ್ತಾಯಿತು. ಬೇರೆ ಥರ ಕೂರಲು ಆಗುತ್ತಿರಲಿಲ್ಲ.

ಸಿಸ್ಟರ್ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರು. ಸ್ಟೂಲು ಎಳೆದು ಎದುರು ಕೂತು, ನಾಡಿ ಹಿಡಿದು, ಗಡಿಯಾರ ತಿರುಗಿಸಿದರು. ನಿನ್ನೆ ಎಂತ ಸಾರು ಅಂತ ಕೇಳುತ್ತಾರೆ ಅಂದುಕೊಂಡೆ. ಬಂಗಡೆ ಸಾರು ಅಂತ ಹೇಳಲು ಬಾಯಿ ಸಿದ್ಧ ಮಾಡಿಕೊಂಡಿದ್ದೆ.

"ಅಕ್ಕಂಗೆ ಯಾರು ಕಲ್ಸಿದ್ದು?" ಅಂದರು.

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಾರು ಕೇಳುವ ಧ್ವನಿಯೇ. ನಾನು ಅವರ ಮುಖ ನೋಡಿದೆ. ಎಷ್ಟು ವರ್ಷದಿಂದ ಹೇಳಬೇಕೆಂದುಕೊಂಡ ಉದ್ದದ ಮಾತು ಎದೆಯಲ್ಲಿ ಇತ್ತು. ಜಗಲಿ, ಆಟ, ಬಟ್ಟಲಿನ ಹೆದರಿಕೆ, ಎಲ್ಲ ಸೇರಿಸಿ ಕಟ್ಟಿಟ್ಟುಕೊಂಡ ಮಾತು.

"ನಾನೇ" ಅಂದೆ. ಮುಂದೆ ಹೋಗಲಿಲ್ಲ. ಬಾಯಿ ತೆರೆದೇ ಇತ್ತು, ಗಾಳಿ ಬರಲಿಲ್ಲ.

ಅವರು ಒಂದು ಕ್ಷಣವೂ ಕೂರಲಿಲ್ಲ. ಎದ್ದು, "ಡಾಕ್ಟ್ರೆ, ಒಂದೇ ಶಬ್ದಕ್ಕೆ ನಿಂತ. ಆಕ್ಸಿಜನ್ ಹಾಕ್ತೆ" ಅಂತ ಕೂಗುತ್ತ ಸಿಲಿಂಡರ್ ಎಳೆದು ತಂದರು. ಅವರು ಅಷ್ಟು ದೊಡ್ಡದಾಗಿ ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಬಟ್ಟಲು ಮುಖಕ್ಕೆ ಬಂತು. ನಾನು ಕೈಯಿಂದ ತಳ್ಳಿದೆ. ಅಷ್ಟು ವರ್ಷ ಓಡಾಡಿದ ಕಂಡಕ್ಟರ್ ನಾನು, ಓದಿದವ, ತಿಳಿದವ, ನಾನೂ ತಳ್ಳಿದೆ. ಅವರು ನನ್ನ ಕೈಯನ್ನು ತಮ್ಮ ಮೊಣಕಾಲಿನ ಕೆಳಗೆ ಒತ್ತಿ ಹಿಡಿದು ಬಟ್ಟಲು ಕಟ್ಟಿದರು. "ಮಾತಾಡಬೇಡ" ಅಂದರು. ಇಂಜೆಕ್ಷನ್ ಹೋದದ್ದು ಗೊತ್ತಾಯಿತು. ಆಮೇಲೆ ಬಹಳ ಹೊತ್ತು ಗೊತ್ತಾದದ್ದು ಸಿಲಿಂಡರಿನ ಸದ್ದು, ಮಣಿಕಟ್ಟಿನ ಮೇಲೆ ಅವರ ಬೆರಳು, ಇಷ್ಟೇ.

ಡಾಕ್ಟರು ಎರಡು ಸಲ ಬಂದು ನೋಡಿ, ಕುಮಟಾಕ್ಕೆ ಒಯ್ಯುವುದು ಬೇಡ, ಚೇತರಿಸಿಕೊಂಡ ಅಂದರು. ಹೊತ್ತು ಎರಡು ದಾಟಿತ್ತು. ನನ್ನ ಎದೆ ಮತ್ತೆ ಸೀಟಿ ಹೊಡೆಯಲು ಶುರುಮಾಡಿತು. ಸಿಸ್ಟರ್ ಅದನ್ನು ಕೇಳಿ ಮೊದಲ ಸಲ ಗೋಡೆಗೆ ಒರಗಿ ಕೂತರು. ಆಮೇಲೆ ಬಟ್ಟಲು ಬಿಚ್ಚಿ ಪಕ್ಕಕ್ಕಿಟ್ಟು, ಗಡಿಯಾರ ತಿರುಗಿಸಿ ಹಿಡಿದರು.

"ಈಗ ಪೂರಾ ಹೇಳು" ಅಂದರು.

ಹೇಳಿದೆ. ಜಗಲಿಯಿಂದ ಹಿಡಿದು ಶಿರಾಲಿಯವರೆಗೆ ಎಲ್ಲ ಹೇಳಿದೆ. ಹೊನ್ನಾವರ ಎರಡು ಸಲ ಯಾಕೆ ಅನ್ನುವುದನ್ನು ಹೇಳಿದೆ. ಸ್ಟ್ಯಾಂಡಿನಲ್ಲಿ ಅಕ್ಕನ ಎದೆಗೆ ಕಿವಿಕೊಟ್ಟು ಖುಷಿಪಟ್ಟದ್ದನ್ನು ಹೇಳಿದೆ. ಆಸ್ಪತ್ರೆಯ ಬಾಗಿಲಿಗೆ ಬೈಯಲು ಹೋದವರನ್ನು ತಡೆಯದೆ ಬಿದ್ದುಕೊಂಡಿದ್ದನ್ನೂ, ಜಗಲಿಯಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದೆ. ಹೇಳುತ್ತ ಅತ್ತೆ. ಅವರು ನನ್ನ ಮುಖ ನೋಡಲಿಲ್ಲ. ನನ್ನ ಎದೆಯನ್ನೂ ಗಡಿಯಾರವನ್ನೂ ನೋಡುತ್ತ, ತುಟಿಯಲ್ಲೇ ಎಣಿಸುತ್ತಿದ್ದರು. ನಾನು ಮುಗಿಸಿದ ಮೇಲೂ ಎಣಿಕೆ ಮುಗಿಯುವವರೆಗೆ ಕಾದರು. ಕೇಸ್ ಪೇಪರಿನಲ್ಲಿ ಏನೋ ಬರೆದರು. ಹೊರಗೆ ಸ್ಟ್ಯಾಂಡಿನ ಕಡೆಯಿಂದ ಭಟ್ಕಳದ ಬಸ್ಸಿನ ಹಾರನ್ನು ಕೇಳಿತು. ಯಾರೋ ಹೊಸ ಕಂಡಕ್ಟರ್ ಕಾಸರಕೋಡ ಮಂಕಿ ಅಂತ ಕೂಗುತ್ತಿದ್ದ.

"ಉಸ್ರು ಇನ್ನೂ ನಿಮಿಷಕ್ಕೆ ಇಪ್ಪತ್ತಾರು ಅದೆ" ಅಂದರು. "ಸಂಜೆವರಿಗೆ ಇಲ್ಲೇ ಇರು. ಬಸ್ಸು ಬಂತು ಅಂತ ಎದ್ದು ಹೋಗೂಕಿಲ್ಲ."

ನಾನು ಏಳಲಿಲ್ಲ.